ಅಜ್ಜಿಯನ್ನು ಹೆರಿಗೆ ಕೋಣೆಯೊಳಗೆ ಬಿಟ್ಟ ಮೇಲೆ: ಕಾಸರಗೋಡಿನ ಒಂದು ಕೊರಗ ಕುಟುಂಬದ ಪ್ರಕರಣ ಅಧ್ಯಯನ

ಹಿನ್ನೆಲೆ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ಗುಡ್ಡದ ಬದಿಯ ಒಂದು ಕೊರಗ ಕಾಲನಿಯಲ್ಲಿ ನಡೆದದ್ದು ಇದು. ಗುರುತು ಸಿಗಬಾರದೆಂದು ಪಂಚಾಯತಿನ ಹೆಸರನ್ನಾಗಲಿ, ಆಸ್ಪತ್ರೆಯ ಹೆಸರನ್ನಾಗಲಿ, ವರ್ಷವನ್ನಾಗಲಿ ಕೊಟ್ಟಿಲ್ಲ. ಗರ್ಭಿಣಿಯನ್ನು ಇಲ್ಲಿ ಕಮಲ ಎಂದು ಕರೆದಿದ್ದೇವೆ. ಅದು ಆಕೆಯ ಹೆಸರಲ್ಲ. ವಯಸ್ಸು 24, ಎರಡನೇ ಬಸಿರು. ಗಂಡನಿಗೆ ಕೆಂಪುಕಲ್ಲಿನ ಕೋರೆಯಲ್ಲಿ ಕೂಲಿ. ಮನೆಯಲ್ಲಿ ಕೊನೆಯ ಮಾತು ಆಕೆಯ ತಾಯಿಯ ತಾಯಿಯದು. ಕಾಲನಿಯ ಹೆರಿಗೆಗಳನ್ನು ಒಂದು ಕಾಲಕ್ಕೆ ಮಾಡಿಸುತ್ತಿದ್ದವರೂ ಈ ಅಜ್ಜಿಯೇ.

ಕೇರಳದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿದ ಐದು ಸಮುದಾಯಗಳಲ್ಲಿ ಕೊರಗರು ಒಬ್ಬರು. ಕೇರಳದೊಳಗೆ ಅವರ ನೆಲೆ ಹೆಚ್ಚುಕಡಿಮೆ ಈ ಒಂದೇ ಜಿಲ್ಲೆ. ನೆಂಟರಿಷ್ಟರೆಲ್ಲ ಗಡಿಯಾಚೆ ದಕ್ಷಿಣ ಕನ್ನಡ, ಉಡುಪಿಯ ಕಡೆ. ಮನೆಯೊಳಗೆ ಕೊರಗ ಭಾಷೆ, ಹೊರಗೆ ತುಳು, ಶಾಲೆ ಕಂಡವರಿಗೆ ಕನ್ನಡ. ಆಸ್ಪತ್ರೆಯಲ್ಲಿ ನಡೆಯುವುದು ಮಲಯಾಳ. ಹೆರಿಗೆ ನೋವಿನಲ್ಲಿರುವ ಹೆಂಗಸು ಇಷ್ಟು ಭಾಷೆಗಳನ್ನು ದಾಟಿ ತನಗೇನಾಗುತ್ತಿದೆ ಎಂದು ಹೇಳಬೇಕು. ಹೇಳಲಾಗದೆ ಸುಮ್ಮನಾದರೆ ‘ಸಹಕರಿಸುವುದಿಲ್ಲ’ ಎಂದು ಕೇಸ್ ಶೀಟಿನಲ್ಲಿ ಬರೆಯಲಾಗುತ್ತದೆ.

ಈ ಸಮುದಾಯದೊಡನೆ ಕೆಲಸ ಮಾಡುವವರು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಇತರರ ಅನಿಷ್ಟವನ್ನು ಕೊರಗರ ಮೇಲೆ ದಾಟಿಸಲು ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿ ತುಳುನಾಡಿನಲ್ಲಿತ್ತು. ಕರ್ನಾಟಕ ಅದನ್ನು ಕಾಯ್ದೆ ಮಾಡಿ ನಿಷೇಧಿಸಿದ್ದು 2000ದಲ್ಲಿ. ಹಿರಿಯರ ನೆನಪಿನಲ್ಲಿ ಅದಿನ್ನೂ ಆರಿಲ್ಲ. ಆದ್ದರಿಂದ ‘ಇದರಲ್ಲಿ ಎಂತ ಬೆರೆಸಿದ್ದೀರಿ’ ಎಂದು ಔಷಧದ ಬಾಟಲಿ ತೋರಿಸಿ ಅಜ್ಜಿ ಕೇಳಿದರೆ ಅದನ್ನು ಮೂಢನಂಬಿಕೆ ಎನ್ನುವುದು ತಪ್ಪು. ಕೇಳಲು ಅವರಿಗೆ ಕಾರಣವಿದೆ. ಬಾಟಲಿಯಲ್ಲಿ ಏನಿದೆ, ಯಾಕೆ ಕೊಡುತ್ತೇವೆ, ಕೊಟ್ಟ ಮೇಲೆ ಏನಾಗುತ್ತದೆ ಎಂದು ಹೇಳುವುದೊಂದೇ ಅದಕ್ಕೆ ಉತ್ತರ.

ಮೊದಲ ಹೆರಿಗೆ

ಕಮಲಾಳ ಮೊದಲ ಹೆರಿಗೆ ಒಂದು ಸರಕಾರಿ ಆಸ್ಪತ್ರೆಯಲ್ಲಾಗಿತ್ತು. ಕಾಗದದ ಮೇಲೆ ಅದು ಯಶಸ್ವಿ: ಸಹಜ ಹೆರಿಗೆ, 2.4 ಕೆ.ಜಿ. ಹೆಣ್ಣುಮಗು, ಮೂರನೇ ದಿನ ಬಿಡುಗಡೆ. ಮನೆಯವರ ಲೆಕ್ಕ ಬೇರೆ. ಅಜ್ಜಿಯನ್ನು ಹೊರಗೆ ನಿಲ್ಲಿಸಿದರು. ಎದ್ದು ಕೂರಲು ಹೋದವಳನ್ನು ಮತ್ತೆ ಮತ್ತೆ ಅಂಗಾತ ಮಲಗಿಸಿದರು. ಬಸಿರಲ್ಲಿ ಕಟ್ಟಿದ್ದ ಕೈಯ ಕರಿನೂಲನ್ನು ಕತ್ತರಿಯಲ್ಲಿ ಕತ್ತರಿಸಿ ಬುಟ್ಟಿಗೆಸೆದರು. ಕೆಳಗೆ ಕೊಯ್ದು ಹೊಲಿಗೆ ಹಾಕಿದ್ದು ಆಕೆಗೆ ಗೊತ್ತಾದದ್ದು ಮನೆಗೆ ಬಂದು ಕೂರಲಾಗದಾಗ. ತಂದ ಗಂಜಿ ವಾಪಸು ಹೋಯಿತು. ಮಾಸು (ಮಗುವಿನ ನಂತರ ಹೊರಬೀಳುವ ಪ್ಲಾಸೆಂಟಾ) ಏನಾಯಿತೆಂದು ಕೇಳಿದರೆ ‘ಅದೆಲ್ಲ ಕೇಳ್ಬೇಡಿ’ ಎಂಬ ಉತ್ತರ.

ಕೊನೆಯದೇ ಅಜ್ಜಿಗೆ ತಡೆಯಲಾಗದ್ದು. ಈ ಮನೆಯಲ್ಲಿ ಮಾಸನ್ನು ಮನೆಯ ಹಿತ್ತಿಲಲ್ಲಿ, ನಾಯಿ ನರಿ ಕೆದರದಷ್ಟು ಆಳಕ್ಕೆ ಹುಗಿದು ಮೇಲೆ ಕಲ್ಲು ಇಡುತ್ತಾರೆ. ಹುಗಿಯದಿದ್ದರೆ ಮಗುವಿಗೆ ನೆಲೆ ಇಲ್ಲ ಎಂಬುದು ನಂಬಿಕೆ. ಮುಂದೆ ಮಗುವಿಗೆ ಹುಷಾರು ತಪ್ಪಿದಾಗಲೆಲ್ಲ ಆ ಮಾತು ಬಂತು. ಇಲ್ಲಿ ಬರೆದಿರುವುದು ಈ ಒಂದು ಮನೆಯ ರೂಢಿ. ಎಲ್ಲ ಕೊರಗರದೂ ಇದೇ ಎಂದು ಓದಬಾರದು. ಪಕ್ಕದ ಕಾಲನಿಯಲ್ಲಿ ಬೇರೆ ಇರಬಹುದು, ಅಲ್ಲಿ ಹೋದವರು ಅಲ್ಲಿಯೇ ಕೇಳಬೇಕು.

ಸಮಸ್ಯೆ

ಎರಡನೇ ಬಸಿರಿನಲ್ಲಿ ಆಕೆ ಹೆಸರು ನೋಂದಾಯಿಸಿದ್ದು 22ನೇ ವಾರದಲ್ಲಿ, ಅದೂ ಅಂಗನವಾಡಿಯಲ್ಲಿ ಆಶಾ ಕಾರ್ಯಕರ್ತೆ ಹೊಟ್ಟೆ ಗಮನಿಸಿದ ಮೇಲೆ. ಹಿಮೋಗ್ಲೋಬಿನ್ 8.2. ಬಸುರಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ರಿಂದ 9.9ರವರೆಗೆ ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ತೂಕ 46 ಕೆ.ಜಿ. ಹೆರಿಗೆ ಮನೆಯಲ್ಲೇ ಎಂದು ಅವಳೂ ಅಜ್ಜಿಯೂ ತೀರ್ಮಾನಿಸಿಯಾಗಿತ್ತು.

ದಿನ ತುಂಬುವುದು ಆಟಿಯಲ್ಲಿ, ಅಂದರೆ ಜುಲೈ ಮಧ್ಯದ ನಂತರದ ಸುರಿಮಳೆಯಲ್ಲಿ. ಕಾಲನಿಯಿಂದ ಡಾಮರು ರಸ್ತೆಗೆ ಮಣ್ಣಿನ ದಾರಿ. ಮಳೆಗಾಲದಲ್ಲಿ ಜೀಪು ಮಾತ್ರ ಹತ್ತುತ್ತದೆ, 108 ಆಂಬುಲೆನ್ಸ್ ಕೆಳಗೇ ನಿಲ್ಲುತ್ತದೆ. ಹಿಮೋಗ್ಲೋಬಿನ್ 12 ಇರುವವಳು ಅರ್ಧ ಲೀಟರ್ ರಕ್ತ ಕಳೆದುಕೊಂಡರೂ ತಡೆದುಕೊಳ್ಳುತ್ತಾಳೆ. 8 ಇರುವವಳಿಗೆ ಅಷ್ಟೇ ರಕ್ತ ಪ್ರಾಣಾಂತಿಕವಾಗಬಹುದು. ಮನೆ ಹೆರಿಗೆ ಇಲ್ಲಿ ಬೇಡ ಎನ್ನಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿರಲಿಲ್ಲ.

ಆದರೆ ಈ ಕಾರಣವನ್ನು ಮನೆಯವರಿಗೆ ತಲುಪಿಸಿದ ರೀತಿ ಕೆಟ್ಟದಾಗಿತ್ತು. ಮೊದಲು ಹೋದವರು ‘ಮನೆಯಲ್ಲಿ ಹೆತ್ತರೆ ಸಾಯ್ತೀ’ ಎಂದರು. ಐದು ಹೆತ್ತು, ಊರವರ ಮಕ್ಕಳನ್ನೆಲ್ಲ ಕೈಯಲ್ಲಿ ಹಿಡಿದ ಅಜ್ಜಿಯ ಎದುರು ಆ ಮಾತು ನಿಲ್ಲಲಿಲ್ಲ. ಮತ್ತೊಬ್ಬರು ‘ಜನನಿ ಜನ್ಮ ರಕ್ಷಾ’ ಹಣ ನಿಲ್ಲುತ್ತದೆ ಎಂದು ಹೆದರಿಸಿದರು. ಪರಿಶಿಷ್ಟ ಪಂಗಡದ ಗರ್ಭಿಣಿಯರಿಗೆ ಆಹಾರಕ್ಕೆಂದು ಹದಿನೆಂಟು ತಿಂಗಳು ಸಿಗುವ ಆ ಹಣವನ್ನು ಬೆದರಿಕೆಗೆ ಬಳಸಿದ್ದರಿಂದ ಆದದ್ದು ಒಂದೇ: ಕಮಲ ತಪಾಸಣೆಗೆ ಬರುವುದನ್ನೇ ಬಿಟ್ಟಳು. ಕಬ್ಬಿಣದ ಮಾತ್ರೆ ಗೋಡೆಯ ಗೂಡಿನಲ್ಲಿ ಹಾಗೆಯೇ ಇತ್ತು. 28ನೇ ವಾರಕ್ಕೆ ಹಿಮೋಗ್ಲೋಬಿನ್ 8.4. ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು.

ಅಜ್ಜಿಯ ಬಳಿ ಕೂತು ಕೇಳಿದ್ದು

ಪ್ರಕರಣ ತಿರುಗಿದ್ದು ಉಪಕೇಂದ್ರಕ್ಕೆ ತುಳು ಬಲ್ಲ ಒಬ್ಬ ಜೆ.ಪಿ.ಎಚ್.ಎನ್. (ಕಿರಿಯ ಸಾರ್ವಜನಿಕ ಆರೋಗ್ಯ ನರ್ಸ್) ಸಿಸ್ಟರ್ ವರ್ಗವಾಗಿ ಬಂದ ಮೇಲೆ. ಅವರು ಬುದ್ಧಿ ಹೇಳಲು ಹೋಗಲಿಲ್ಲ. ಅಜ್ಜಿ ಬಳ್ಳಿ ಸೀಳಿ ಕುಕ್ಕೆ ಹೆಣೆಯುತ್ತಿದ್ದಲ್ಲಿ ಹೋಗಿ ಕೂತು ಕೇಳಿದ್ದು ಒಂದೇ: ‘ಅಜ್ಜೀ, ನೋವು ಸುರುವಾದಲ್ಲಿಂದ ಮಗುವಿನ ಹೊಕ್ಕುಳು ಬೀಳುವವರೆಗೆ ನೀವು ಎಂತೆಲ್ಲ ಮಾಡ್ತೀರಿ, ಒಂದೊಂದೇ ಹೇಳಿ.’ ಹೇಳಿದ್ದನ್ನು ಅನುಕ್ರಮದಲ್ಲಿ ಬರೆದುಕೊಂಡರು. ಸರಿ ತಪ್ಪು ಅನ್ನಲಿಲ್ಲ. ಮುಂದಿನ ಸಲ ಬಂದಾಗ ಅದೇ ಹಾಳೆಯ ಬಲಬದಿಯಲ್ಲಿ, ಪ್ರತಿ ಸಾಲಿನೆದುರು, ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಏನು ಮಾಡುತ್ತಾರೆಂದು ಬರೆದು ಓದಿ ಹೇಳಿದರು.

ಎರಡು ಪಟ್ಟಿಯನ್ನೂ ಎದುರುಬದುರು ಇಟ್ಟಾಗ ಕಂಡದ್ದು ಇದು: ಅಜ್ಜಿ ಹೇಳಿದ್ದರಲ್ಲಿ ಮುಕ್ಕಾಲು ಪಾಲಿಗೆ ಆಸ್ಪತ್ರೆ ಬೇಡ ಎನ್ನಲು ವೈದ್ಯಕೀಯ ಕಾರಣವೇ ಇಲ್ಲ. ನೋವು ಬರುವಾಗ ಓಡಾಡಿಸುವುದು, ಬೆನ್ನಿಗೆ ಬಿಸಿ ಬಟ್ಟೆ, ಆಗಾಗ ಗಂಜಿ ತಿಳಿ ಕುಡಿಸುವುದು, ಹೆರುವಾಗ ಮೊಣಕಾಲೂರಿ ಅಥವಾ ಕುಕ್ಕರಗಾಲಲ್ಲಿ ಕೂರಿಸುವುದು, ಮುಂದೆ ಒಬ್ಬಳು ಹೆಗಲು ಕೊಡುವುದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಹೆರಿಗೆ ಮಾರ್ಗಸೂಚಿ ಶಿಫಾರಸು ಮಾಡುವುದೂ ಇದನ್ನೇ: ಇಷ್ಟದ ಜೊತೆಗಾತಿ, ಓಡಾಟ, ಬೇಕಾದ ಭಂಗಿ, ಅಪಾಯ ಕಡಿಮೆ ಇರುವವರಿಗೆ ಆಹಾರ ಮತ್ತು ದ್ರವ. ಎಲ್ಲರಿಗೂ ಕಡ್ಡಾಯವಾಗಿ ಕೊಯ್ಯುವುದನ್ನು ಅದು ಬೇಡ ಎನ್ನುತ್ತದೆ. ನಮ್ಮ ಆರೋಗ್ಯ ಸಚಿವಾಲಯ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಜೊತೆಗಾತಿಗೆ ಒಪ್ಪಿಗೆ ಕೊಟ್ಟದ್ದು 2016ರಲ್ಲಿ. ತುಮಕೂರಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವಿದ್ಯೆಯ ಅಜ್ಜಿಯೊಬ್ಬಳು ತನ್ನ ಮೊಮ್ಮಗಳ ಹೆರಿಗೆಯಲ್ಲಿ ಬಾಗಿಲ ಹೊರಗೆ ಬೆಂಚಿನಲ್ಲಿ ಕೂರಬೇಕು ಎನ್ನುವುದನ್ನು ನಾವು ಯಾವ ನ್ಯಾಯದಿಂದಲೂ ಸಮರ್ಥಿಸಲಾರೆವು.

ಒಪ್ಪಲಾಗದ್ದೂ ಇತ್ತು. ಹುಟ್ಟಿದ ಮಗುವಿನ ನಾಲಗೆಗೆ ಬಜೆ ತೇಯ್ದು, ಬೆಲ್ಲದ ನೀರಿನೊಡನೆ ನೆಕ್ಕಿಸುವುದು. ಹೊಕ್ಕುಳಿಗೆ ಬೂದಿ ಹಚ್ಚುವುದು. ಮಾಸು ಬೀಳಲು ತಡವಾದರೆ ಹೊಟ್ಟೆ ಒತ್ತಿ ಹೊಕ್ಕುಳಬಳ್ಳಿ ಎಳೆಯುವುದು. ಮೂರನೆಯದರ ಬಗ್ಗೆ ವಾದವೇ ಆಗಲಿಲ್ಲ. ಎಳೆದಾಗ ಗರ್ಭಕೋಶವೇ ಒಳಮಗ್ಗುಲು ಹೊರಗಾಗಿ ಬಂದದ್ದನ್ನು ಅಜ್ಜಿ ಒಮ್ಮೆ ಕಂಡಿದ್ದರು. ಬೂದಿಯನ್ನೂ ಬಿಟ್ಟರು: ಹೊಕ್ಕುಳು ಒಣಗಿರಬೇಕು ಎನ್ನುವುದು ಇಬ್ಬರ ಗುರಿಯೂ ಹೌದು, ಒಣಗಲು ಗಾಳಿ ಸಾಕು, ಬೂದಿಯಲ್ಲಿ ಧನುರ್ವಾಯುವಿನ ಬೀಜ ಇರಬಹುದು ಎಂದ ಮೇಲೆ. ಬಜೆಗೆ ಮಾತ್ರ ಎಳೆದಾಟ ಹೆಚ್ಚು. ಕೊನೆಗೆ ಸಿಕ್ಕ ದಾರಿ ಊರಲ್ಲೇ ಇತ್ತು. ಇಲ್ಲಿ ಬಜೆ ತುಂಡುಗಳನ್ನು ನೂಲಿಗೆ ಪೋಣಿಸಿ ಮಗುವಿನ ಕೈಗೆ ಕಟ್ಟುತ್ತಾರೆ. ಬಾಯಿಗೆ ಬೇಡ, ಕೈಗೆ ಇರಲಿ. ನೂಲು ಸಡಿಲವಾಗಿ ತುಂಡು ಬಾಯಿಗೆ ಹೋಗದಂತೆ ಮೊದಲ ತಿಂಗಳು ತಾಯಿಯ ಕೈಗೇ ಕಟ್ಟುವುದು ಎಂದಾಯಿತು.

ರಕ್ತದ ವಿಷಯ ಅಜ್ಜಿಗೆ ಬೇಗ ಅರ್ಥವಾಯಿತು. ಕಮಲ ಮಾತ್ರೆ ನುಂಗುವುದನ್ನು ಬಿಟ್ಟದ್ದಕ್ಕೆ ಮಲ ಕಪ್ಪಗೆ ಹೋಗಿ ಹೆದರಿದ್ದು, ಮಲಬದ್ಧತೆ, ‘ಮಗು ದೊಡ್ಡದಾಗಿ ಹೊರಬರಲಿಕ್ಕಿಲ್ಲ’ ಎಂಬ ಭಯ, ಮೂರೂ ಕಾರಣ. ಕಪ್ಪಾಗುವುದು ಕಬ್ಬಿಣದಿಂದ ಎಂದು ಮೊದಲೇ ಯಾರೂ ಹೇಳಿರಲಿಲ್ಲ. ಮಾತ್ರೆಯ ಹಿಂದೆಮುಂದೆ ಒಂದು ಗಂಟೆ ಚಾ ಕುಡಿಯಬಾರದು, ಕ್ಯಾಲ್ಸಿಯಂ ಮಾತ್ರೆಯೊಡನೆ ಒಟ್ಟಿಗೆ ನುಂಗಬಾರದು ಎಂಬುದನ್ನೂ ಹೇಳಿರಲಿಲ್ಲ. 29ನೇ ವಾರದಲ್ಲಿ ಮಾತ್ರೆಯನ್ನೇ ನಂಬಿ ಕೂರುವಷ್ಟು ಸಮಯವಿರಲಿಲ್ಲವಾದ್ದರಿಂದ ವೈದ್ಯರು ನರಕ್ಕೆ ಐರನ್ ಸುಕ್ರೋಸ್ (ಕಬ್ಬಿಣದ ಔಷಧ) ಕೊಡುವುದೆಂದು ನಿರ್ಧರಿಸಿದರು. ಲೆಕ್ಕ ಹೀಗೆ: ತೂಕ 46, ಬೇಕಾದ ಏರಿಕೆ 11ರಿಂದ 8.4 ಕಳೆದು 2.6, ಇವೆರಡನ್ನೂ 2.4ರಿಂದ ಗುಣಿಸಿದರೆ 287. ದೇಹದ ದಾಸ್ತಾನಿಗೆ 500 ಸೇರಿಸಿದರೆ ಸುಮಾರು 800 ಮಿ.ಗ್ರಾಂ. ದಿನ ಬಿಟ್ಟು ದಿನ 200 ಮಿ.ಗ್ರಾಂನಂತೆ ನಾಲ್ಕು ಸಲ, 100 ಮಿ.ಲೀ. ಸಲೈನಿನಲ್ಲಿ. ಎಸ್‌ಟಿ ಪ್ರಮೋಟರ್ (ಪರಿಶಿಷ್ಟ ಪಂಗಡ ಇಲಾಖೆಯ ಊರ ಕಾರ್ಯಕರ್ತರು) ಜೀಪಿನ ವ್ಯವಸ್ಥೆ ಮಾಡಿದರು, ಅಜ್ಜಿ ಪ್ರತಿ ಸಲವೂ ಜೊತೆಗೆ ಬಂದರು. ಆ ನಾಲ್ಕು ಭೇಟಿಗಳಲ್ಲಿ ಅವರು ಆಸ್ಪತ್ರೆಯನ್ನೂ, ಆಸ್ಪತ್ರೆಯವರು ಅವರನ್ನೂ ನೋಡಿಕೊಂಡರು. ಔಷಧದಷ್ಟೇ ಕೆಲಸ ಮಾಡಿದ್ದು ಅದು. 36ನೇ ವಾರಕ್ಕೆ ಹಿಮೋಗ್ಲೋಬಿನ್ 9.9.

ಮಾಸಿನ ಪ್ರಶ್ನೆ

ಇದೊಂದೇ ಕಗ್ಗಂಟಾಗಿ ಉಳಿದದ್ದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಆಸ್ಪತ್ರೆಯಲ್ಲಿ ಹೊರಬಂದ ಮಾನವ ಅಂಗಾಂಶ ಹಳದಿ ಚೀಲಕ್ಕೆ ಹೋಗಬೇಕು, ಅಲ್ಲಿಂದ ಸುಡುವ ಘಟಕಕ್ಕೆ. ಆಳಕ್ಕೆ ಹುಗಿಯುವುದಕ್ಕೆ ಅವಕಾಶವಿರುವುದು ಸುಡುವ ಘಟಕದ ಸೌಲಭ್ಯವಿಲ್ಲದ ದೂರದ ಊರುಗಳಿಗೆ ಮಾತ್ರ. ಅದಕ್ಕೂ ಎರಡು ಮೀಟರ್ ಆಳದ ಗುಂಡಿ, ಸುಣ್ಣ, ಮೇಲೆ ಮಣ್ಣು, ಪ್ರಾಣಿ ನುಗ್ಗದಂತೆ ಬಲೆ, ಬಾವಿಯಿಂದ ದೂರ ಎಂಬ ಕಟ್ಟಳೆಗಳಿವೆ. ಮನೆಯವರು ಕೇಳಿದರೆ ಕೊಡಬಹುದೇ? ಆಸ್ಪತ್ರೆಯ ಮೇಲಧಿಕಾರಿ ಲಿಖಿತ ಆದೇಶವಿಲ್ಲದೆ ಕೊಡಲಾರೆ ಎಂದರು. ಅವರ ಹೊಣೆಯಲ್ಲಿ ನಿಂತು ನೋಡಿದರೆ ಆ ಮಾತನ್ನು ಹಟ ಎನ್ನಲಾಗದು. ತಂಡದ ಕೆಲವರಿಗೆ ‘ಸದ್ದಿಲ್ಲದೆ ಕೊಟ್ಟುಬಿಡೋಣ’ ಎನಿಸಿತ್ತು. ಅದು ಬೇಡವೆಂದಾಯಿತು. ಕದ್ದು ಕೊಟ್ಟದ್ದು ಮುಂದಿನ ಹೆಂಗಸಿಗೆ ಹಕ್ಕಾಗಿ ಉಳಿಯುವುದಿಲ್ಲ, ಸಿಕ್ಕಿಬಿದ್ದರೆ ಕೆಲಸ ಹೋಗುವುದು ಕೆಳಗಿನ ನೌಕರರದು.

ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಅಜ್ಜಿಗೆ ಹೇಳಿದರು: ಮಾಸು ಕೊಡಲು ಆಗುವುದಿಲ್ಲ, ಕಾರಣ ಇದು. ಎರಡು ವಿಷಯ ಮಾಡಿಕೊಡಬಹುದು. ಮಾಸು ಹೊರಬಂದ ಮೇಲೆ ನೀವೇ ನೋಡಬಹುದು. ಚೀಲಕ್ಕೆ ಹಾಕುವ ಮೊದಲು ನಿಮ್ಮ ಮಾತು ಹೇಳಲು ಸಮಯ ಕೊಡುತ್ತೇವೆ. ಅಜ್ಜಿ ಅಂದು ಒಪ್ಪಲಿಲ್ಲ. ಮುಂದಿನ ಭೇಟಿಯಲ್ಲಿ ಅವರೇ ಎತ್ತಿದರು: ‘ಬಳ್ಳಿಯ ತುಂಡು ಮಗುವಿನಲ್ಲೇ ಉಳೀತದಲ್ಲ, ಒಣಗಿ ಬೀಳುವುದು ಮನೆಯಲ್ಲೇ ಅಲ್ವಾ ಸಿಸ್ಟರೇ? ಅದನ್ನು ಹುಗಿದರೆ ನಿಮ್ಮ ಕಾನೂನಿಗೆ ಎಂತ?’ ಕಾನೂನಿಗೆ ಏನೂ ಇಲ್ಲ. ಮನೆಯಲ್ಲಿ ಬಿದ್ದ ಹೊಕ್ಕುಳು ಆಸ್ಪತ್ರೆಯ ತ್ಯಾಜ್ಯವಲ್ಲ. ಇಂಥ ಪರ್ಯಾಯವನ್ನು ಹೊರಗಿನವರು ಸೂಚಿಸಿದ್ದರೆ ಅದು ಅಗ್ಗದ ರಾಜಿಯಂತೆ ಕೇಳಿಸುತ್ತಿತ್ತು. ಸಂಪ್ರದಾಯದ ಯಜಮಾನಿಯೇ ಹೇಳಿದ್ದರಿಂದ ಅದಕ್ಕೆ ಬೆಲೆ ಬಂತು. ಇಂಥಲ್ಲಿ ಕಾಯುವುದನ್ನು ಕಲಿಯಬೇಕು.

ಒಂದು ಹಾಳೆಯ ಒಪ್ಪಂದ

37ನೇ ವಾರದಲ್ಲಿ ಎಲ್ಲವನ್ನೂ ಒಂದೇ ಪುಟಕ್ಕೆ ಇಳಿಸಿ ತಾಯಿ ಕಾರ್ಡಿಗೆ ಅಂಟಿಸಲಾಯಿತು. ಒಂದು ಬದಿ ಕನ್ನಡ, ಹಿಂಬದಿ ಅದೇ ಮಲಯಾಳದಲ್ಲಿ. ಆಸ್ಪತ್ರೆ ಒಪ್ಪಿದ್ದು: ಅಜ್ಜಿ ಒಳಗಿರುವುದು; ಕೈಯ ನೂಲನ್ನು ಕತ್ತರಿಸದೆ ಪ್ಲಾಸ್ಟರಿನಿಂದ ಮುಚ್ಚಿ ಸೂಜಿಯನ್ನು ಮತ್ತೊಂದು ಕೈಗೆ ಹಾಕುವುದು; ಒಳಪರೀಕ್ಷೆಯ ಮೊದಲು ಹೇಳಿ ಒಪ್ಪಿಗೆ ಪಡೆಯುವುದು, ಎಲ್ಲ ಸರಿಯಿದ್ದರೆ ನಾಲ್ಕು ಗಂಟೆಗೊಮ್ಮೆ ಮಾತ್ರ; ಕೊಯ್ಯುವುದಿದ್ದರೆ ಕಾರಣ ಹೇಳಿ ಕೊಯ್ಯುವುದು. ಮನೆಯವರು ಒಪ್ಪಿದ್ದು: ನೋವು ಬಂದ ಕೂಡಲೇ ಹೊರಡುವುದು, ರಾತ್ರಿಯಾದರೂ, ಜೀಪಿನವನ ನಂಬರು, ರಕ್ತದಾನಿಯ ಹೆಸರು ಮೊದಲೇ ಗೊತ್ತಿರುವುದು, ಮಗು ಬಂದ ಮೇಲೆ ಮಲಗಿಸುವುದಕ್ಕೆ ಅಡ್ಡಿ ಹೇಳದಿರುವುದು, ಸಿಸೇರಿಯನ್ ಬೇಕೆಂದು ವೈದ್ಯರು ಹೇಳಿದರೆ ತಡಮಾಡದಿರುವುದು.

‘ಮಗು ಬಂದ ಮೇಲೆ ಮಲಗಿಸುವುದು’ ಎಂಬ ಸಾಲಿನ ಹಿಂದೆ ಒಂದು ವೈದ್ಯಕೀಯ ಲೆಕ್ಕವಿದೆ. ನೆಟ್ಟಗೆ ಕೂತು ಹೆತ್ತರೆ ಕೊಯ್ತ ಕಡಿಮೆ, ಉಪಕರಣ ಹಾಕಿ ಎಳೆಯುವ ಹೆರಿಗೆ ಕಡಿಮೆ. ಆದರೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋಗುವ ಸಂಭವ ತುಸು ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ರಕ್ತ ಕಡಿಮೆಯಿರುವ ಹೆಂಗಸಿನಲ್ಲಿ ಅದನ್ನು ಕಡೆಗಣಿಸುವಂತಿಲ್ಲ. ಹೆರುವುದು ಮೊಣಕಾಲೂರಿ, ಮಾಸು ಬೀಳುವುದು ಮಲಗಿದಲ್ಲಿ ಎಂದು ಎರಡು ಹಂತವನ್ನು ಬೇರೆ ಮಾಡಿದ್ದು ಆ ಕಾರಣಕ್ಕೆ.

ಹೆರಿಗೆ ಕೋಣೆಯ ನರ್ಸುಗಳಿಗೆ ಮೊಣಕಾಲೂರಿದ ಹೆರಿಗೆ ಹೊಸದು. ನೆಲದ ಮೇಲೆ ಹಾಸಿಗೆ, ಅದರ ಮೇಲೆ ಪ್ಲಾಸ್ಟಿಕ್, ಮೇಲೆ ಸ್ಟೆರೈಲ್ ಬಟ್ಟೆ ಹಾಸಿ ಮೊದಲೇ ಅಭ್ಯಾಸ ಮಾಡಿದರು. ಕಿಟಕಿ ಸರಳಿಗೆ ಸೀರೆ ಕಟ್ಟಿ ಜೋತುಬೀಳುವ ಮನೆಯ ಕ್ರಮವನ್ನು ಬಿಟ್ಟದ್ದು ಸರಳು ಅಲ್ಲಾಡುತ್ತಿದ್ದ ಕಾರಣ. ಬದಲಿಗೆ ಅಜ್ಜಿಯ ಹೆಗಲು. ಈ ಭಂಗಿಯಲ್ಲಿ ಮಗುವಿನ ಎದೆಬಡಿತ ಕೇಳಲು ಕೊಳವೆ ಪ್ರಯೋಜನಕ್ಕಿಲ್ಲ, ಕೈ ಡಾಪ್ಲರ್ ಬೇಕು. ನೋವು ಚುರುಕಾದ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವಾಗ ಐದು ನಿಮಿಷಕ್ಕೊಮ್ಮೆ. ನರ್ಸು ಹಿಂಬದಿಯಲ್ಲಿ ತಗ್ಗಿನ ಸ್ಟೂಲಿನಲ್ಲಿ ಕೂತು ಮಗುವನ್ನು ಹಿಡಿದು ತಾಯಿಯ ಕಾಲ ನಡುವಿನಿಂದ ಮುಂದಕ್ಕೆ ದಾಟಿಸಬೇಕು. ಬಳ್ಳಿ ಗಿಡ್ಡವಿದ್ದರೆ ಎಳೆತ ಬೀಳುತ್ತದೆ, ಆಗ ತಾಯಿಯನ್ನು ಬಗ್ಗಿಸಬೇಕೇ ಹೊರತು ಮಗುವನ್ನು ಎಳೆಯಬಾರದು.

ಆ ರಾತ್ರಿ

ನೋವು ಬಂದದ್ದು ಸಂಜೆ. ಜೀಪು ಬಂತು, ಆಂಬುಲೆನ್ಸ್ ಕೆಳಗೆ ಸಿಕ್ಕಿತು, ಎಲ್ಲ ಅಂದುಕೊಂಡಂತೆ. ತಪ್ಪಿದ್ದು ಆಸ್ಪತ್ರೆಯ ಬಾಗಿಲಲ್ಲಿ. ರಾತ್ರಿ ಪಾಳಿಯ ಸೆಕ್ಯುರಿಟಿಗೂ ಡ್ಯೂಟಿ ನರ್ಸಿಗೂ ಹಾಳೆಯ ಸುದ್ದಿಯೇ ಗೊತ್ತಿರಲಿಲ್ಲ. ಅಭ್ಯಾಸ ಮಾಡಿದ್ದವರೆಲ್ಲ ಹಗಲು ಪಾಳಿಯವರು. ಅಜ್ಜಿಯನ್ನು ತಡೆದರು. ಕಮಲ ಒಳಗೆ ಹೋಗಲು ಒಪ್ಪದೆ ವರಾಂಡದಲ್ಲೇ ಕಂಬ ಹಿಡಿದು ನಿಂತಳು. ಸಿಸ್ಟರಿಗೆ ಫೋನು, ಅವರಿಂದ ವೈದ್ಯರಿಗೆ ಫೋನು. ಮುಕ್ಕಾಲು ಗಂಟೆ ಹೋಯಿತು. ಒಳಗೆ ಬಂದಾಗ ಗರ್ಭಕೋಶದ ಬಾಯಿ ಆರು ಸೆಂಟಿಮೀಟರ್ ತೆರೆದಿತ್ತು. ಇನ್ನೂ ಮುಂದೆ ಹೋಗಿದ್ದರೆ ವರಾಂಡದಲ್ಲೇ ಹೆರಿಗೆಯಾಗಿ, ಇಡೀ ಪ್ರಯತ್ನದ ಮೇಲೆ ಕೆಟ್ಟ ಹೆಸರು ಕೂರುತ್ತಿತ್ತು.

ಮುಂದಿನ ನಾಲ್ಕು ಗಂಟೆ ನೆಮ್ಮದಿಯಾಗಿ ಹೋಯಿತು. ಓಡಾಟ, ಗಂಜಿ ತಿಳಿ, ಅಜ್ಜಿಯ ಕೈ ಸೊಂಟದ ಮೇಲೆ. ಕೊಯ್ಯದೆ, ಹೊಲಿಗೆ ಇಲ್ಲದೆ, 2.7 ಕೆ.ಜಿ. ಗಂಡುಮಗು ಹುಟ್ಟಿತು, ಕೂಡಲೇ ಅತ್ತಿತು. ತಾಯಿಯನ್ನು ಮಲಗಿಸಿ ಮಗುವನ್ನು ಎದೆಯ ಮೇಲಿಟ್ಟು, ಒಂದು ನಿಮಿಷದೊಳಗೆ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಕೊಟ್ಟರು. ಕೊಡುವಾಗ ನರ್ಸು ಬಾಟಲಿ ತೋರಿಸಿ ಹೇಳಿದರು: ‘ಅಜ್ಜೀ, ಇದು ಗರ್ಭಕೋಶ ಬಿಗಿಯಾಗ್ಲಿಕ್ಕೆ, ರಕ್ತ ನಿಲ್ಲಿಕ್ಕೆ.’ ಬಳ್ಳಿ ಕತ್ತರಿಸಿದ್ದು ಎರಡು ನಿಮಿಷ ಕಳೆದು.

ಮಾಸು ಬಿತ್ತು. ನರ್ಸು ಅದನ್ನು ಬಳ್ಳಿಯಲ್ಲಿ ಎತ್ತಿ ಹಿಡಿದು ಪೊರೆ ಹರಿದಿದೆಯೇ ನೋಡಿ, ಟ್ರೇಯಲ್ಲಿ ಮಗುಚಿ, ಹೋಳುಗಳನ್ನು ಬೆರಳಲ್ಲಿ ಒತ್ತಿ ಜೋಡಿಸಿ ನೋಡತೊಡಗಿದರು. ಅಜ್ಜಿ ದೀಪದ ಕೆಳಗೆ ಬಗ್ಗಿದರು. ‘ನೀವೂ ಹೀಗೇ ನೋಡುವುದಾ?’ ತಾನು ಬೋಗುಣಿಯ ನೀರಿನಲ್ಲಿ ಅದ್ದಿ ಇದನ್ನೇ ನೋಡುತ್ತೇನೆ, ತುಂಡು ಒಳಗೆ ಉಳಿದರೆ ರಕ್ತ ನಿಲ್ಲುವುದಿಲ್ಲ ಎಂದರು. ನರ್ಸು ಒಂದು ಜೊತೆ ಗ್ಲೌಸು ಕೊಟ್ಟರು. ಇಬ್ಬರೂ ಸೇರಿ ಅಂಚಿನಿಂದ ಅಂಚಿಗೆ ನೋಡಿ ಪೂರ್ತಿ ಇದೆ ಎಂದು ಖಚಿತ ಮಾಡಿಕೊಂಡರು. ಅಜ್ಜಿ ತನ್ನ ಭಾಷೆಯಲ್ಲಿ ಎರಡು ಮಾತು ಹೇಳಿ, ಆಯಿತು ಎಂದು ಕೈಸನ್ನೆ ಮಾಡಿದ ಮೇಲೆ ಅದು ಹಳದಿ ಚೀಲಕ್ಕೆ ಹೋಯಿತು.

ಮಾಸು ಪೂರ್ತಿಯಿದ್ದರೂ ರಕ್ತ ನಿಲ್ಲಲಿಲ್ಲ. ಸೊಂಟದಡಿಯ ಅಳತೆಗೆರೆಯ ಪ್ಲಾಸ್ಟಿಕ್ ಚೀಲದಲ್ಲಿ 650 ಮಿ.ಲೀ. ಗರ್ಭಕೋಶ ಮೆತ್ತಗೆ, ಹೊಕ್ಕುಳಿಗಿಂತ ಮೇಲೆ, ಬಲಕ್ಕೆ ವಾಲಿತ್ತು. ಹೀಗೆ ಬದಿಗೆ ವಾಲಿದ್ದರೆ ಮೊದಲು ಅನುಮಾನಿಸಬೇಕಾದ್ದು ಮೂತ್ರಕೋಶವನ್ನು. ಕೊಳವೆ ಹಾಕಿದಾಗ 400 ಮಿ.ಲೀ. ಮೂತ್ರ ಬಂತು. ನೋವಿನಲ್ಲಿ ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕಳುಹಿಸಬೇಕು. ಒಳಗೆ ಬಂದ ಮೇಲೆ ಯಾರೂ ಕಳುಹಿಸಿರಲಿಲ್ಲ. ತುಂಬಿದ ಮೂತ್ರಕೋಶ ಗರ್ಭಕೋಶ ಬಿಗಿಯಾಗಲು ಬಿಡುವುದಿಲ್ಲ. ಹೊಟ್ಟೆಯ ಮೇಲಿನಿಂದ ಉಜ್ಜುತ್ತಲೇ, ಒಂದು ಲೀಟರ್ ಸಲೈನಿಗೆ 20 ಯೂನಿಟ್ ಆಕ್ಸಿಟೋಸಿನ್ ಹಾಕಿ ಬಿಟ್ಟು, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಒಂದು ಗ್ರಾಂ ಅನ್ನು ಹತ್ತು ನಿಮಿಷದಲ್ಲಿ ನರಕ್ಕೆ ಕೊಟ್ಟರು. ರಕ್ತ ಹತೋಟಿಗೆ ಬಂತು. ಮುಂದಿನ ಎರಡು ಗಂಟೆ ಕಾಲು ಗಂಟೆಗೊಮ್ಮೆ ಗರ್ಭಕೋಶ ಮುಟ್ಟಿ ನೋಡಬೇಕು. ನರ್ಸು ಅಜ್ಜಿಯ ಕೈಯನ್ನು ತನ್ನ ಕೈಯಡಿ ಇಟ್ಟು, ಎಳೆ ಗುಜ್ಜೆಯ (ಹಲಸಿನ ಎಳೆಕಾಯಿಯ) ಹಾಗೆ ಗಟ್ಟಿ ಸಿಗಬೇಕು, ಮೆತ್ತಗಾದರೆ ಕೂಡಲೇ ಕರೆಯಿರಿ ಎಂದು ತೋರಿಸಿಕೊಟ್ಟರು. ಅಜ್ಜಿ ಬೆಳಗಿನವರೆಗೆ ಕೈ ತೆಗೆಯಲಿಲ್ಲ.

ಮನೆಯಲ್ಲಾಗಿದ್ದರೆ ಏನಾಗುತ್ತಿತ್ತು ಎಂದು ಯಾರೂ ಅವರಿಗೆ ಹೇಳಬೇಕಾಗಲಿಲ್ಲ. ‘ಇಷ್ಟು ರಕ್ತ ನನ್ನ ಕೈಯಲ್ಲಿ ನಿಲ್ತಿರ್ಲಿಲ್ಲ’ ಎಂದು ಅವರೇ ಹೇಳಿದರು. ಬೆದರಿಕೆಯ ಮಾತುಗಳಿಂದ ತಿಂಗಳುಗಟ್ಟಲೆ ಆಗದ್ದು, ಅವರನ್ನು ಒಳಗೆ ಬಿಟ್ಟು ಕಣ್ಣಾರೆ ನೋಡಲು ಕೊಟ್ಟದ್ದರಿಂದ ಆಯಿತು.

ಬಾಣಂತನ

ಮೊದಲ ಗಂಟೆಯೊಳಗೆ ಮಗು ಮೊಲೆ ಹಿಡಿಯಿತು. ಅಮೆಯ (ಹೆರಿಗೆಯ ಸೂತಕದ) ಕಾರಣಕ್ಕೆ ಕೂಡಲೇ ಸ್ನಾನ ಆಗಬೇಕೆಂದು ಅಜ್ಜಿ ಹಟ ಹಿಡಿದರು. ಮಗುವನ್ನು ಒರೆಸಿ, ಸ್ನಾನವನ್ನು 24 ಗಂಟೆ ಮುಂದಕ್ಕೆ ಹಾಕಿದರು, ಮೈ ತಣ್ಣಗಾಗುವ ಅಪಾಯ ವಿವರಿಸಿ. ತಾಯಿಗೆ ಮಾತ್ರ ಬೆಳಿಗ್ಗೆ ಬಿಸಿನೀರು ಬೇಕಿತ್ತು; ಆಸ್ಪತ್ರೆಯಲ್ಲಿ ಇಲ್ಲ. ಕ್ಯಾಂಟೀನಿನಿಂದ ಎರಡು ಬಕೆಟ್ ತರಿಸಿದ್ದು ಅಷ್ಟೇನೂ ದೊಡ್ಡ ಕೆಲಸವಲ್ಲ, ಆದರೆ ಈ ಮನೆಯವರು ಊರಿಗೆಲ್ಲ ಹೇಳಿದ್ದು ಆ ಬಿಸಿನೀರಿನ ಸುದ್ದಿಯನ್ನೇ.

ಮನೆಗೆ ಹೋದ ಮೇಲೆ ತಿದ್ದಬೇಕಾದ್ದು ಎರಡು. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ: ‘ತಣ್ಣೀರು ಬೇಡ’ ಎಂಬುದನ್ನು ಉಳಿಸಿಕೊಂಡು, ಜೀರಿಗೆ ಹಾಕಿ ಕುದಿಸಿದ ನೀರು, ಕುಚ್ಚಲಕ್ಕಿ ಗಂಜಿಯ ತಿಳಿ ಸೇರಿ ದಿನಕ್ಕೆ ಎಂಟು ಹತ್ತು ಲೋಟ ಎಂದಾಯಿತು. ಇನ್ನೊಂದು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ತಾಯಿ ಮಗು ನಿದ್ದೆಯಲ್ಲೇ ಹೋಗಬಹುದು. ಕೆಂಡ ಹೊರಗೆ, ಬಿಸಿ ಬಟ್ಟೆ ಒಳಗೆ. ಧೂಪ ಹಾಕುವಾಗ ಬಾಗಿಲು ತೆರೆದು ಮಗುವನ್ನು ಬೇರೆ ಕಡೆ ಇಡುವುದು.

ಆಶಾ ಕಾರ್ಯಕರ್ತೆಯ ಮನೆಭೇಟಿಗಳು 3, 7, 14, 21, 28, 42ನೇ ದಿನಗಳಲ್ಲಿ ಎಲ್ಲವೂ ನಡೆದವು. ಮೊದಲ ಹೆರಿಗೆಯಲ್ಲಿ ಬಾಗಿಲು ತೆರೆಯದ ಮನೆ ಇದು. ಎಂಟನೇ ದಿನ ಹೊಕ್ಕುಳು ಬಿತ್ತು, ಹಿತ್ತಿಲಲ್ಲಿ ಹುಗಿದರು. ಹೆರಿಗೆಯ ಮರುದಿನ 8.8ಕ್ಕೆ ಇಳಿದಿದ್ದ ಹಿಮೋಗ್ಲೋಬಿನ್ ಆರು ವಾರಕ್ಕೆ 10.6. ಕಬ್ಬಿಣದ ಮಾತ್ರೆ ಹೆರಿಗೆಯ ನಂತರವೂ 180 ದಿನ ಬೇಕು. ಈ ಸಲ ಗೂಡಿನಲ್ಲಿ ಉಳಿಯಲಿಲ್ಲ, ಅಜ್ಜಿಯೇ ಎಣಿಸಿ ಕೊಟ್ಟರು.

ನಿಂತದ್ದು, ನಿಲ್ಲದ್ದು

ಮುಂದೆ ಅದೇ ಕಾಲನಿಯ ಇಬ್ಬರು ಹನ್ನೆರಡು ವಾರದೊಳಗೆ ಹೆಸರು ನೋಂದಾಯಿಸಿದರು, ಇಬ್ಬರೂ ಅಜ್ಜಿಯನ್ನೇ ಜೊತೆಗಾತಿ ಎಂದು ಬರೆಸಿದರು. ಒಬ್ಬಳ ಹೆರಿಗೆ ಇದೇ ಕ್ರಮದಲ್ಲಿ ಆಯಿತು. ಅಷ್ಟರಲ್ಲಿ ಹಾಳೆಗೆ ಒಪ್ಪಿಗೆ ಕೊಟ್ಟಿದ್ದ ಮೇಲಧಿಕಾರಿಗೆ ವರ್ಗವಾಯಿತು. ಇನ್ನೊಬ್ಬಳು ಹೋದಾಗ ಅಜ್ಜಿಗೆ ಮತ್ತೆ ಹೊರಗಿನ ಬೆಂಚು. ಒಬ್ಬರ ಸದ್ಭಾವದ ಮೇಲೆ ನಿಂತ ವ್ಯವಸ್ಥೆ ಅವರೊಡನೆ ಹೊರಟುಹೋಗುತ್ತದೆ. ಒಪ್ಪಿಗೆ ಆಸ್ಪತ್ರೆಯ ಸಮಿತಿಯ ನಡಾವಳಿಯಲ್ಲಿ ದಾಖಲಾಗಬೇಕಿತ್ತು, ಹಾಳೆಯ ಒಂದು ಪ್ರತಿ ಹೆರಿಗೆ ಕೋಣೆಯ ಪಾಳಿ ಬದಲಾವಣೆಯ ಪುಸ್ತಕದಲ್ಲಿ, ಒಂದು ಗೇಟಿನಲ್ಲಿ ಇರಬೇಕಿತ್ತು. ಮೊದಲ ರಾತ್ರಿಯ ಮುಕ್ಕಾಲು ಗಂಟೆಯೇ ಅದನ್ನು ಹೇಳಿತ್ತು. ಗೇಟಿನ ಪ್ರತಿ ಈಗ ಇದೆ. ನಡಾವಳಿಗೆ ಅರ್ಜಿ ಹೋಗಿದೆ.

ಮಾಸಿನ ವಿಷಯದಲ್ಲಿ ಈ ಮನೆಗೆ ಸಿಕ್ಕ ದಾರಿ ಇನ್ನೊಂದು ಮನೆಗೆ ಒಪ್ಪಿಗೆಯಾಗಬೇಕೆಂದಿಲ್ಲ. ಲಿಖಿತ ಕೋರಿಕೆಯ ಮೇಲೆ, ಸೋರದ ಡಬ್ಬಿಯಲ್ಲಿ, ಹುಗಿಯುವ ಆಳ ಮತ್ತು ಬಾವಿಯಿಂದ ದೂರದ ಷರತ್ತಿನೊಡನೆ ಮಾಸನ್ನು ಕುಟುಂಬಕ್ಕೆ ಕೊಡಲು ಸ್ಪಷ್ಟ ಆದೇಶವೊಂದು ಬರಬೇಕು. ಸೋಂಕಿನ ರೋಗವಿರುವವರ ವಿಷಯದಲ್ಲಿ ಏನು ಮಾಡಬೇಕೆಂದೂ ಅದರಲ್ಲಿರಬೇಕು. ಅದಿಲ್ಲದೆ ಕೆಳಗಿನ ಆಸ್ಪತ್ರೆಗಳನ್ನು ದೂರಿ ಪ್ರಯೋಜನವಿಲ್ಲ.

ಈಗ ಎದುರಿಗಿರುವುದು ಗಡಿಯ ಪ್ರಶ್ನೆ. ಕಾಸರಗೋಡಿನ ಉತ್ತರ ಭಾಗದಿಂದ ಜಟಿಲ ಹೆರಿಗೆಗಳು ಹೋಗುವುದು ಹೆಚ್ಚಾಗಿ ಮಂಗಳೂರಿಗೆ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿ ರೋಗಿಗಳು ದಾಟಲಾಗದೆ ಸಿಕ್ಕಿಬಿದ್ದದ್ದನ್ನು ಇಲ್ಲಿಯವರು ಮರೆತಿಲ್ಲ. ಕಾಲನಿಯಲ್ಲಿ ಈಗ ಏಳು ತಿಂಗಳ ಬಸುರಿಯೊಬ್ಬಳಿದ್ದಾಳೆ, ಹಿಂದಿನದು ಸಿಸೇರಿಯನ್. ಅವಳ ಹೆರಿಗೆ ಮಂಗಳೂರಿನಲ್ಲೇ ಆಗಬೇಕು. ಆಪರೇಷನ್ ಥಿಯೇಟರಿನೊಳಗೆ ಜೊತೆಗಾತಿ ಬರಲಾಗದಿದ್ದರೆ ಅಜ್ಜಿ ಎಲ್ಲಿ ನಿಲ್ಲಬೇಕು, ತಾಯಿಗೆ ಎಚ್ಚರವಾಗುವವರೆಗೆ ಮಗುವನ್ನು ಅಜ್ಜಿಯ ಎದೆಗೊರಗಿಸಲು ಕೊಡುತ್ತಾರೋ, ನೂಲಿನಲ್ಲಿ ಲೋಹದ ತಾಯಿತ ಇದ್ದರೆ ಬಿಚ್ಚಿ ಯಾರ ಕೈಗೆ ಕೊಡಬೇಕು ಎಂಬ ಮೂರು ಸಾಲುಗಳನ್ನು ಹಾಳೆಗೆ ಸೇರಿಸಿ, 34ನೇ ವಾರದ ತಪಾಸಣೆಗೆ ಅವಳೊಡನೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ ಅಲ್ಲಿನ ವೈದ್ಯರೊಡನೆ ಮುಖಾಮುಖಿ ಮಾತಾಡುವುದೆಂದು ನಿರ್ಧಾರವಾಗಿದೆ.